ಶಾರ್ಟ್ ಸ್ಕೇಲ್ ಗಿಟಾರಿನ ತಂತಿ ಎತ್ತರ, ನೆಕ್ಕಿನ ಬಾಗು: ನನ್ನ ಅನುಭವ

ಶಾರ್ಟ್ ಸ್ಕೇಲ್, ಅಂದರೆ ತಂತಿಯ ಉದ್ದ ಕಡಿಮೆಯಿರುವ ಎಲೆಕ್ಟ್ರಿಕ್ ಗಿಟಾರನ್ನು ಹೊಂದಿಸಲು ಕುಳಿತಾಗ ಮೊದಲು ತಂತಿಯ ದಪ್ಪ ತೀರ್ಮಾನವಾಗಬೇಕು. ಎತ್ತರದ ಮಾತು ಆಮೇಲಿನದು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಗೆ ಕಲಿಯಲು ಬರುವ ಮಕ್ಕಳ ಗಿಟಾರುಗಳನ್ನೂ, ಗಣೇಶೋತ್ಸವದ ಹೊತ್ತಿಗೆ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ಗೆಳೆಯರ ಗಿಟಾರುಗಳನ್ನೂ ಹಲವು ವರ್ಷಗಳಿಂದ ನಾನೇ ಹೊಂದಿಸಿಕೊಡುತ್ತ ಬಂದಿದ್ದೇನೆ. ಇಷ್ಟು ಕೆಲಸಕ್ಕಾಗಿ ವಾದ್ಯವನ್ನು ಬೆಂಗಳೂರಿಗೆ ಕಳಿಸಿ ಕಾಯುವುದು ಯಾರಿಗೂ ಅನುಕೂಲವಲ್ಲ. ಮಕ್ಕಳ ಬೆರಳಿಗೆ ಸುಲಭವೆಂದು ಹೆತ್ತವರು ಕೊಳ್ಳುವ ಮಿನಿ ಗಿಟಾರುಗಳು ಮತ್ತು ಮಸ್ಟಾಂಗ್ ಮಾದರಿಯವು ಇವುಗಳಲ್ಲಿ ಹೆಚ್ಚು, ಮತ್ತು ಅವುಗಳೊಂದಿಗೆ ಬರುವ ದೂರು ಬಹುಮಟ್ಟಿಗೆ ಒಂದೇ: "ಸರ್, ಆಕ್ಷನ್ ಇಳಿಸಿದ್ರೆ ಬಜ್ ಬರುತ್ತೆ, ಏರಿಸಿದ್ರೆ ಶ್ರುತಿ ತಪ್ಪುತ್ತೆ."

ಆಕ್ಷನ್ ಎಂದರೆ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ (ಫ್ರೆಟ್) ತಂತಿಯ ಎತ್ತರ; ಬಜ್ ಎಂದರೆ ತಂತಿ ಆ ಪಟ್ಟಿಗಳಿಗೆ ತಾಗಿ ಬರುವ ಗರಗರ ಸದ್ದು. ಈ ದೂರಿಗೆ ಕಾರಣ ಅಳತೆಯಲ್ಲೇ ಇದೆ. ನೆಕ್ಕಿನ ತಲೆಯ ಬಳಿ ತಂತಿ ಕೂರುವ ನಟ್‌ನಿಂದ, ಇನ್ನೊಂದು ತುದಿಯ ಬ್ರಿಡ್ಜಿನಲ್ಲಿ ಅದು ಕೂರುವ ಸ್ಯಾಡಲ್‌ವರೆಗೆ ತಂತಿ ಕಂಪಿಸುವ ಉದ್ದವನ್ನು ಸ್ಕೇಲ್ ಎನ್ನುತ್ತೇವೆ. ಉದ್ದ ಸ್ಕೇಲಿನ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಅದು 25.5 ಇಂಚು, ಅಂದರೆ ಸುಮಾರು 648 ಮಿ.ಮೀ. ಫೆಂಡರ್ ಕಂಪನಿ 1962ರಲ್ಲಿ ತಂದ ಜಾಗ್ವಾರ್ ಗಿಟಾರಿನಲ್ಲಿ ಅದು 24 ಇಂಚು. 1964ರಲ್ಲಿ ಬಂದ ಮಸ್ಟಾಂಗ್ 22.5 ಮತ್ತು 24 ಇಂಚು ಎರಡರಲ್ಲೂ ದೊರೆಯುತ್ತಿತ್ತು. ಈಗಿನ ಸ್ಕ್ವಾಯರ್ ಮಿನಿಯದು 22.75 ಇಂಚು, ಐಬನೆಜ್ ಮೈಕ್ರೋದ್ದು 22.2 ಇಂಚು. 25.5 ಇಂಚಿನಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ 36 ಮಿ.ಮೀ. ದಾಟುವ ಅಂತರ 24 ಇಂಚಿನಲ್ಲಿ 34ರ ಆಸುಪಾಸಿಗೆ ಇಳಿಯುತ್ತದೆ. ಹತ್ತು ವರ್ಷದ ಮಗುವಿನ ಕೈಗೆ ಆ 2 ಮಿ.ಮೀ. ದೊಡ್ಡ ಉಪಕಾರ.

ಆದರೆ ಅದೇ ತಂತಿಯನ್ನು ಅದೇ ಶ್ರುತಿಗೆ ತರಲು ಬೇಕಾಗುವ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಉದ್ದ ಸ್ವಲ್ಪವೇ ಕಡಿಮೆಯಾದರೂ ಬಿಗಿತ ಹೆಚ್ಚು ಇಳಿಯುತ್ತದೆ. 25.5 ಇಂಚಿಗೆ ಹೋಲಿಸಿದರೆ 24 ಇಂಚಿನಲ್ಲಿ ಅದು ಶೇ. 11ರಷ್ಟು, 22.75 ಇಂಚಿನಲ್ಲಿ ಶೇ. 20ರಷ್ಟು ಕಡಿಮೆ. ಸಡಿಲವಾಗಿ ಕಟ್ಟಿದ ಬಟ್ಟೆಯ ಹಗ್ಗ ಅದೇ ಗಾಳಿಗೆ ಹೆಚ್ಚು ಓಲಾಡುವಂತೆ, ಬಿಗಿತ ಇಳಿದ ತಂತಿ ಅದೇ ಮೀಟಿಗೆ ಹೆಚ್ಚು ಅಗಲಕ್ಕೆ ಕಂಪಿಸಿ ಮುಂದಿನ ಫ್ರೆಟ್‌ಗಳಿಗೆ ತಾಗುತ್ತದೆ. ನಮ್ಮ ಆರ್ಕೆಸ್ಟ್ರಾಗಳಲ್ಲಿ ಗಾಯಕರ ಶ್ರುತಿಗೆ ಅನುಕೂಲವಾಗಲೆಂದು ಇಡೀ ಗಿಟಾರನ್ನು ಅರ್ಧ ಸ್ವರ ಇಳಿಸಿಕೊಳ್ಳುವ ರೂಢಿಯೂ ಉಂಟು. ಹಾಗೆ ಇಳಿಸಿದರೆ ಮತ್ತೆ ಶೇ. 11ರಷ್ಟು ಬಿಗಿತ ಹೋಗುತ್ತದೆ. 24 ಇಂಚಿನ ಗಿಟಾರಿನಲ್ಲಿ ಎರಡೂ ಸೇರಿದಾಗ ಉಳಿಯುವುದು ಮೂಲ ಬಿಗಿತದ ಐದರಲ್ಲಿ ನಾಲ್ಕು ಪಾಲಿಗಿಂತ ತುಸು ಕಡಿಮೆ. ಅದರ ಮೇಲೆ ಒಂಬತ್ತರ ಸೆಟ್ (ಮೊದಲ ತಂತಿ 0.009 ಇಂಚು ದಪ್ಪವಿರುವ ತಂತಿಗಳು) ಹಾಕಿ, ಅಕ್ಕಪಕ್ಕದವರ ಸ್ಟ್ರಾಟ್‌ನಷ್ಟೇ ತಗ್ಗಿನ ಆಕ್ಷನ್ ಬೇಕೆಂದು ಕೇಳಿದರೆ ಯಾವ ಸ್ಕ್ರೂ ತಿರುಗಿಸಿದರೂ ಅದು ಸಿಗುವುದಿಲ್ಲ.

ಆದ್ದರಿಂದ ನಾನು ಮಿನಿ ಗಿಟಾರುಗಳಿಗೆ ಹನ್ನೊಂದರ ಸೆಟ್ ಹಾಕುತ್ತೇನೆ. ಬಿಗಿತವು ತಂತಿಯ ದಪ್ಪದ ವರ್ಗಕ್ಕೂ ಅನುಗುಣವಾದುದರಿಂದ, ಹತ್ತರಿಂದ ಹನ್ನೊಂದಕ್ಕೆ ಹೋದಾಗ ಮೊದಲ ತಂತಿಯ ಬಿಗಿತ ಶೇ. 21ರಷ್ಟು ಏರುತ್ತದೆ, 22.75 ಇಂಚಿನ ಗಿಟಾರು ಆಗ ಉದ್ದ ಸ್ಕೇಲಿನಲ್ಲಿ ಹತ್ತರ ಸೆಟ್ ಹಾಕಿದಷ್ಟೇ ಹೆಚ್ಚುಕಡಿಮೆ ಬಿಗಿಯಾಗಿ ಕೈಗೆ ಸಿಗುತ್ತದೆ. 24 ಇಂಚಿನದಕ್ಕೆ ಮಗು ನುಡಿಸುವುದಾದರೆ ಹತ್ತು, ಆರ್ಕೆಸ್ಟ್ರಾದಲ್ಲಿ ರಿದಮ್ ಬಾರಿಸುವವರಿಗೆ ಹನ್ನೊಂದು. ದಪ್ಪ ತಂತಿ ಮಕ್ಕಳ ಬೆರಳಿಗೆ ನೋವು ಕೊಡುವುದೆಂಬ ಭಯ ಹೆತ್ತವರಲ್ಲಿದೆ. ನನ್ನ ನೋಟದಲ್ಲಿ ಬೆರಳಿಗೆ ನೋವು ಕೊಡುವುದು ಹೆಚ್ಚಾಗಿ ನಟ್ ಬಳಿ ಎತ್ತರದಲ್ಲಿ ನಿಂತ ತಂತಿ. ಆ ವಿಷಯ ಮುಂದೆ ಬರುತ್ತದೆ.

ಸಲಕರಣೆಗಳ ಪಟ್ಟಿ ದೊಡ್ಡದಲ್ಲ. ಅರ್ಧ ಮಿ.ಮೀ. ಗೆರೆಗಳಿರುವ ಆರಿಂಚಿನ ಸ್ಟೀಲ್ ಸ್ಕೇಲ್, ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಒಂದು ಕೇಪೋ, ಒಳ್ಳೆಯ ಟ್ಯೂನರ್, ಅಲೆನ್ ಕೀಗಳು ಮತ್ತು ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್. ಫೀಲರ್ ಗೇಜನ್ನು ಸಂಗೀತ ವಾದ್ಯಗಳ ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ. ಬೈಕಿನ ಟ್ಯಾಪೆಟ್ ಹೊಂದಿಸಲು ಮೆಕ್ಯಾನಿಕ್‌ಗಳು ಬಳಸುವುದೇ ಸಾಕು, ಆಟೊಮೊಬೈಲ್ ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುತ್ತದೆ. ("ಯಾವ ಗಾಡೀದು ಸರ್?" ಎಂದು ಅಂಗಡಿಯವರು ಕೇಳಿದಾಗ ಗಿಟಾರಿನದೆಂದು ಹೇಳಿ ಅವರನ್ನು ನಂಬಿಸುವುದು ಮಾತ್ರ ಸ್ವಲ್ಪ ಕಷ್ಟ.) ಅಲೆನ್ ಕೀ ವಿಷಯದಲ್ಲಿ ಜಾಗ್ರತೆ ಬೇಕು. ಕೆಲವು ಗಿಟಾರುಗಳ ಟ್ರಸ್ ರಾಡಿಗೆ (ನೆಕ್ಕಿನೊಳಗಿನ ಲೋಹದ ಸರಳು) ಮಿಲಿಮೀಟರ್ ಅಳತೆಯ ಕೀ ಹೊಂದಿದರೆ, ಕೆಲವಕ್ಕೆ ಇಂಚಿನದು ಬೇಕು. 1/8 ಇಂಚಿನದು 3.2 ಮಿ.ಮೀ. ಇರುವುದರಿಂದ ಅಲ್ಲಿ 3 ಮಿ.ಮೀ. ಕೀ ಹಾಕಿದರೆ ಅದು ಸಡಿಲವಾಗಿ ಕೂತು ರಾಡಿನ ತಿರುಗಿಸುವ ನಟ್ಟಿನ ಮೂಲೆಗಳನ್ನು ಸವೆಸುತ್ತದೆ, ಮತ್ತು ಒಮ್ಮೆ ಸವೆದರೆ ಅದನ್ನು ಸರಿಪಡಿಸುವುದು ಮನೆಯ ಕೆಲಸವಾಗಿ ಉಳಿಯುವುದಿಲ್ಲ.

ಹೊಸ ತಂತಿ ಹಾಕಿ, ಎಳೆದು ಸಡಿಲ ತೆಗೆದು, ನುಡಿಸುವ ಶ್ರುತಿಗೇ ತಂದ ಮೇಲೆ ನೆಕ್ಕಿನ ಬಾಗನ್ನು, ಅಂದರೆ ರಿಲೀಫನ್ನು ನೋಡುತ್ತೇನೆ. ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಅಳೆಯುವುದಿಲ್ಲ. ತೊಡೆಯ ಮೇಲೆ ನುಡಿಸುವ ಭಂಗಿಯಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ನೆಕ್ಕಿನ ಕೆಳಗೆ ಆಸರೆ ಸಿಕ್ಕರೆ ಅಳತೆ ಬದಲಾಗುತ್ತದೆ. ಮೊದಲ ಫ್ರೆಟ್‌ಗೆ ಕೇಪೋ ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ ಆ ತಂತಿಯೇ ನೇರ ಪಟ್ಟಿಯಾಗುತ್ತದೆ. ಆಗ ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಮೇಲ್ತುದಿಗೂ ತಂತಿಯ ತಳಕ್ಕೂ ನಡುವೆ ಇರುವ ಸಂದು ರಿಲೀಫ್. 9.5ರಿಂದ 12 ಇಂಚಿನ ರೇಡಿಯಸ್ (ಅಡ್ಡ ಉಬ್ಬಿನ ತ್ರಿಜ್ಯ) ಇರುವ ಫಿಂಗರ್‌ಬೋರ್ಡಿಗೆ, ಅಂದರೆ ಬೆರಳಿಡುವ ಹಲಗೆಗೆ, ಫೆಂಡರ್ ಸೂಚಿಸುವ ಅಳತೆ 0.25 ಮಿ.ಮೀ.; ಹಳೆಯ ಮಾದರಿಯ 7.25 ಇಂಚಿನ ರೇಡಿಯಸ್ಸಿಗೆ 0.3 ಮಿ.ಮೀ. ಗೇಜಿನ 0.25ರ ಎಲೆಯನ್ನು ತೂರಿಸಿದಾಗ ತಂತಿ ಮೇಲೇಳದೆ, ಎಲೆ ತಂತಿಯನ್ನು ಸವರಿಕೊಂಡು ಹೋಗಬೇಕು.

ಮಧ್ಯದಲ್ಲಿ ಈ ತಗ್ಗು ಏಕೆ ಬೇಕೆಂದರೆ, ಬೆರಳಿಡದೆ ಬಿಟ್ಟ ತಂತಿಯ ಕಂಪನ ಎರಡು ತುದಿಗಳಲ್ಲಿ ಕಿರಿದಾಗಿಯೂ ನಡುವೆ ಅಗಲವಾಗಿಯೂ ಇರುತ್ತದೆ. ಸಡಿಲ ತಂತಿಗೆ ಈ ಅಗಲ ಇನ್ನೂ ಹೆಚ್ಚಾದ್ದರಿಂದ ನೆಕ್ಕನ್ನು ಪೂರ್ತಿ ನೇರ ಮಾಡಬೇಕೆಂಬ ಹಟ ಚಿಕ್ಕ ಗಿಟಾರಿನಲ್ಲಿ ನಡೆಯುವುದಿಲ್ಲ. ನಟ್ ಕಡೆಯ ಫ್ರೆಟ್‌ಗಳಲ್ಲೇ ಬಜ್ ಶುರುವಾಗುತ್ತದೆ.

ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿಗೆ ಬಿಗಿ ಮಾಡಬೇಕು, ಕಡಿಮೆಯಿದ್ದರೆ ಎದುರು ದಿಕ್ಕಿಗೆ ಸಡಿಲಿಸಬೇಕು. ಗಿಬ್ಸನ್ ಕಂಪನಿಯ ಥಾಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಪೇಟೆಂಟ್ ಪಡೆದ ಈ ಹೊಂದಿಸಬಹುದಾದ ಸರಳು ತಂತಿಗಳ ಎಳೆತಕ್ಕೆ ಎದುರಾಗಿ ನೆಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು; ಆಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಬೇಕು. ಬಿಗಿ ಮಾಡುವ ಮೊದಲು ತಂತಿಗಳನ್ನು ತುಸು ಸಡಿಲಿಸಿಕೊಂಡರೆ ಸರಳಿನ ಮೇಲೆ ಒತ್ತಡ ಕಡಿಮೆ. ಕೀ ತಿರುಗಲು ಒಪ್ಪದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಹಳೆಯ ಮಾದರಿಯ ಗಿಟಾರುಗಳಲ್ಲಿ ಈ ನಟ್ಟು ನೆಕ್ಕಿನ ಬುಡದಲ್ಲಿರುವುದರಿಂದ ಪ್ರತಿ ಸಲವೂ ನೆಕ್ಕನ್ನು ಬಿಚ್ಚಬೇಕಾಗುವುದು ಬೇಸರದ ಕೆಲಸ.

ಚಿಕ್ಕ ಗಿಟಾರಿನಲ್ಲಿ ಎದುರಾಗುವ ವಿಶೇಷ ತೊಂದರೆಯೊಂದಿದೆ. ತೆಳು ತಂತಿಗಳ ಎಳೆತ ಎಷ್ಟು ಕಡಿಮೆಯೆಂದರೆ, ಸರಳನ್ನು ಪೂರ್ತಿ ಸಡಿಲಿಸಿದರೂ ನೆಕ್ಕು ಮುಂದಕ್ಕೆ ಬಾಗದೆ ನೇರವಾಗಿಯೋ ಹಿಂದಕ್ಕೆ ಬಾಗಿಯೋ ನಿಂತುಬಿಡುತ್ತದೆ. ಒಂದೇ ದಿಕ್ಕಿಗೆ ಕೆಲಸ ಮಾಡುವ ಸರಳಾದರೆ ಅದು ನೆಕ್ಕನ್ನು ಮುಂದಕ್ಕೆ ತಳ್ಳಲಾರದು. ಎರಡೂ ದಿಕ್ಕಿನ ಸರಳಿದ್ದರೆ ಮಾತ್ರ ಅದು ಸಾಧ್ಯ. ಇಂಥ ಕಡೆ ದಪ್ಪ ಸೆಟ್ ಹಾಕಿ ಒಂದು ರಾತ್ರಿ ಶ್ರುತಿಯಲ್ಲೇ ಬಿಟ್ಟರೆ ಬೇಕಾದ ಬಾಗು ಹೆಚ್ಚಾಗಿ ತಾನಾಗಿಯೇ ಬರುತ್ತದೆ. ತಂತಿಯ ದಪ್ಪವನ್ನು ಮೊದಲು ತೀರ್ಮಾನಿಸಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ: ಸೆಟ್ ಬದಲಾದರೆ ಮುಂದಿನ ಎಲ್ಲ ಅಳತೆಗಳೂ ಬದಲಾಗುತ್ತವೆ. ತಂತಿ ಎತ್ತರವಾಗಿದೆಯೆಂದು ಸೀದಾ ಟ್ರಸ್ ರಾಡಿಗೆ ಕೈ ಹಾಕುವವರನ್ನು ನೋಡಿದ್ದೇನೆ. ಆ ಸರಳು ಬಾಗನ್ನು ಹೊಂದಿಸಲಿಕ್ಕಿರುವುದು, ಎತ್ತರಕ್ಕೆ ಸ್ಯಾಡಲ್‌ಗಳಿವೆ.

ನಂತರ ನಟ್. ಮೂರನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿದಾಗ ಮೊದಲ ಫ್ರೆಟ್‌ನ ಮೇಲೆ ಕೂದಲೆಳೆಯಷ್ಟು ಸಂದು ಕಾಣಬೇಕು. ಅಲ್ಲಿ ಸಂದು ಹೆಚ್ಚಿದ್ದರೆ ಮಗು ಎಫ್ ಕಾರ್ಡ್ ಹಿಡಿಯಲು ಪರದಾಡುತ್ತದೆ, ಒತ್ತಿದ ಸ್ವರಗಳೂ ಏರಿ ಕೇಳುತ್ತವೆ. ಒಂಬತ್ತರ ಸೆಟ್ಟಿಗೆಂದು ಕೊರೆದ ನಟ್‌ನಲ್ಲಿ ಹನ್ನೊಂದರ ದಪ್ಪ ತಂತಿಗಳು ಸಿಕ್ಕಿಕೊಳ್ಳುವುದುಂಟು. ಟ್ಯೂನ್ ಮಾಡುವಾಗ ಟಿಕ್ ಎಂಬ ಸದ್ದು ಬಂದರೆ ಅದೇ ಕಾರಣವೆಂದು ತಿಳಿಯಬೇಕು. ನಟ್‌ನಲ್ಲಿ ತಂತಿ ಕೂರುವ ಸೀಳನ್ನು ಅಗಲ ಮಾಡಬಹುದು, ತಳವನ್ನು ಮಾತ್ರ ಹೆಚ್ಚು ತಗ್ಗಿಸಬಾರದು, ಏಕೆಂದರೆ ತಗ್ಗಿದರೆ ಬಿಟ್ಟ ತಂತಿಯೇ ಬಜ್ ಆಗುತ್ತದೆ.

ಸ್ಯಾಡಲ್ ಎತ್ತರವನ್ನು ಹದಿನೇಳನೆಯ ಫ್ರೆಟ್‌ನಲ್ಲಿ, ಕೇಪೋ ಮೊದಲ ಫ್ರೆಟ್‌ನಲ್ಲಿರುವಾಗಲೇ ಅಳೆಯುತ್ತೇನೆ. ಫೆಂಡರ್ ಸೂಚಿಸುವುದು 9.5ರಿಂದ 12 ಇಂಚಿನ ರೇಡಿಯಸ್ಸಿಗೆ ದಪ್ಪ ತೆಳು ಎರಡೂ ಬದಿ 1.6 ಮಿ.ಮೀ.; 7.25 ಇಂಚಿಗೆ ದಪ್ಪ ಬದಿ 2, ತೆಳು ಬದಿ 1.6. ಚಿಕ್ಕ ಸ್ಕೇಲಿಗೆ ನಾನು ದಪ್ಪ ಬದಿಯನ್ನು 1.8ರಿಂದ 2ರವರೆಗೆ ಇಟ್ಟುಕೊಳ್ಳುತ್ತೇನೆ. ಸಡಿಲ ತಂತಿ ಒತ್ತಲು ಹೇಗೂ ಹಗುರ; ಎತ್ತರದಲ್ಲಿ ಎರಡು ಕೂದಲೆಳೆ ಬಿಟ್ಟುಕೊಟ್ಟು ಶುದ್ಧ ಸ್ವರ ಪಡೆಯುವುದು ಲಾಭದ ಬದಲಾವಣೆಯೇ. ಹಾರ್ಡ್‌ವೇರ್ ಅಂಗಡಿಯ 1.5 ಮತ್ತು 2 ಮಿ.ಮೀ. ಡ್ರಿಲ್ ಬಿಟ್‌ಗಳ ನಯವಾದ ಬುಡವನ್ನು ತಂತಿಯ ಕೆಳಗೆ ತೂರಿಸಿ ನೋಡುವುದು ಸ್ಕೇಲ್ ಹಿಡಿದು ಕಣ್ಣು ಕಿರಿದು ಮಾಡುವುದಕ್ಕಿಂತ ಸುಲಭ. ಮಸ್ಟಾಂಗ್‌ನ ಮೂಲ ಬ್ರಿಡ್ಜಿನಲ್ಲಿ ಒಂದೊಂದು ತಂತಿಯ ಎತ್ತರವನ್ನು ಬೇರೆಬೇರೆಯಾಗಿ ಹೊಂದಿಸಲಾಗದು. ಎರಡು ಬದಿಯ ಕಂಬಗಳಿಂದ ಇಡೀ ಬ್ರಿಡ್ಜನ್ನೇ ಏರಿಸಿ ಇಳಿಸಬೇಕು. ಸ್ಯಾಡಲ್ ತಳ ಮುಟ್ಟಿಯೂ ತಂತಿ ಎತ್ತರವಿದ್ದರೆ ನೆಕ್ಕನ್ನು ಬಿಚ್ಚಿ, ಅದು ಕೂರುವ ಗುಳಿಯಲ್ಲಿ ಬ್ರಿಡ್ಜಿನ ಕಡೆಗೆ ವಿಸಿಟಿಂಗ್ ಕಾರ್ಡಿನ ತುಂಡೊಂದನ್ನು ಇಟ್ಟರೆ ನೆಕ್ಕಿನ ತಲೆ ಹಿಂದಕ್ಕೆ ವಾಲಿ ಜಾಗ ಸಿಗುತ್ತದೆ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳನ್ನೂ ತುಸು ಕೆಳಗಿಳಿಸುವುದು ಒಳ್ಳೆಯದು, ಸಡಿಲ ತಂತಿಯನ್ನು ಅವುಗಳ ಅಯಸ್ಕಾಂತ ಬೇಗ ಎಳೆಯುತ್ತದೆ.

ಇಂಟೊನೇಶನ್, ಅಂದರೆ ಒತ್ತಿದ ಸ್ವರಗಳೂ ಶ್ರುತಿಯಲ್ಲಿರುವಂತೆ ಹೊಂದಿಸುವುದು, ಕೊನೆಯದು. ಹನ್ನೆರಡನೆಯ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದಾಗ ಬರುವ ಸ್ವರ) ಮತ್ತು ಅಲ್ಲೇ ಒತ್ತಿದ ಸ್ವರ ಒಂದೇ ಆಗಬೇಕು. ಒತ್ತಿದ್ದು ಏರಿದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದರೆ ಮುಂದಕ್ಕೆ ಸರಿಸಬೇಕು. ಬಿಗಿತ ಕಡಿಮೆಯಿರುವ ತಂತಿಯನ್ನು ಒತ್ತಿದಾಗ ಆಗುವ ಅಲ್ಪ ಎಳೆತವೂ ಶ್ರುತಿಯನ್ನು ಹೆಚ್ಚು ಏರಿಸುವುದರಿಂದ, ಮಿನಿ ಗಿಟಾರುಗಳಲ್ಲಿ ದಪ್ಪ ಇ ತಂತಿಯ ಸ್ಯಾಡಲ್ ಹಿಂದಕ್ಕೆ ಸರಿಯುತ್ತ ಸರಿಯುತ್ತ ಸ್ಪ್ರಿಂಗ್ ಪೂರ್ತಿ ಅಮುಕಿಹೋಗುತ್ತದೆ. ಆಗ ಆ ಸ್ಪ್ರಿಂಗನ್ನು ಅರ್ಧಕ್ಕೆ ಕತ್ತರಿಸಿ ಜಾಗ ಮಾಡಿಕೊಳ್ಳುತ್ತೇನೆ. ಮಕ್ಕಳಿಗೆ ಬೆರಳನ್ನು ಹಗುರವಾಗಿ ಒತ್ತಲು ಕಲಿಸುವುದೂ ಈ ಸೆಟಪ್ಪಿನ ಭಾಗವೇ.

ನಮ್ಮ ಕಡೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಾರ್ಚಿನಿಂದ ಮೇವರೆಗೆ ದಾವಣಗೆರೆ, ಚಿತ್ರದುರ್ಗಗಳ ಒಣ ಬಿಸಿಲಿಗೆ ಫಿಂಗರ್‌ಬೋರ್ಡಿನ ಮರ ಕುಗ್ಗಿ, ಕುಗ್ಗದ ಫ್ರೆಟ್‌ಗಳ ತುದಿಗಳು ಅಂಚಿನಲ್ಲಿ ಹೊರಬಂದು ಕೈಗೆ ತರಚುತ್ತವೆ. ಬಾಗು ಮಾತ್ರ ಒಂದೊಂದು ನೆಕ್ಕಿನಲ್ಲಿ ಒಂದೊಂದು ಕಡೆಗೆ ಸರಿಯುತ್ತದೆ, ಆದ್ದರಿಂದ ಊಹಿಸದೆ ಅಳೆಯಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ರಿಲೀಫ್ ನೋಡಿ, ಸೆಟ್ಟಿನ ದಪ್ಪ, ರಿಲೀಫ್, ಎರಡು ಬದಿಯ ಎತ್ತರ ಇಷ್ಟನ್ನು ಚೀಟಿಯಲ್ಲಿ ಬರೆದು ಗಿಟಾರಿನ ಚೀಲದಲ್ಲಿಡುತ್ತೇನೆ. ಗಣೇಶೋತ್ಸವಕ್ಕೆಂದು ಅರ್ಧ ಸ್ವರ ಇಳಿಸುವವರಿಗೆ ಈ ಕೆಲಸವನ್ನೆಲ್ಲ ಇಳಿಸಿದ ಶ್ರುತಿಯಲ್ಲೇ ಮಾಡಿಕೊಡುತ್ತೇನೆ, ಹಬ್ಬ ಮುಗಿದು ಮೂಲ ಶ್ರುತಿಗೆ ಮರಳುವುದಾದರೆ ರಿಲೀಫನ್ನು ಮತ್ತೆ ನೋಡಬೇಕೆಂದು ಅದೇ ಚೀಟಿಯ ಕೆಳಗೆ ಸೇರಿಸಿರುತ್ತೇನೆ.