ಕಂಬ ಎಣಿಸಿದ ಹುಡುಗರು

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಯುವಜನರಿಗೆ ಸರ್ಕಾರದ ಕೆಲಸಗಳಲ್ಲಿ ಆಸಕ್ತಿ ಇಲ್ಲ ಅನ್ನೋ ಮಾತು ಕೇಳಿ ಕೇಳಿ ಸಾಕಾಗಿದೆ. ಆಸಕ್ತಿ ಬೇಕಾದಷ್ಟಿದೆ. ಯಾವ ಕೆಲಸ ಯಾವ ಟೇಬಲ್‌ನಲ್ಲಿ ತೀರ್ಮಾನ ಆಗುತ್ತೆ ಅನ್ನೋದು ಗೊತ್ತಿರಲ್ಲ, ಅಷ್ಟೇ. ಅಣಕು ಸಂಸತ್ತನ್ನೂ ಮಾಡಿಸಿದ್ದೇನೆ. ಚೆನ್ನಾಗಿರುತ್ತೆ, ಸರ್ಟಿಫಿಕೇಟ್ ಕೊಟ್ಟ ಮೇಲೆ ಮುಗಿದುಹೋಗುತ್ತೆ.

ಹಾಗಾಗಿ ಈ ಸಲ ಊರಿನ ನಿಜವಾದ ಒಂದು ಸಮಸ್ಯೆ ಹಿಡಿಯೋಣ, ವಿಷಯ ನೀವೇ ಆರಿಸಿ ಅಂತ ವಿದ್ಯಾರ್ಥಿಗಳಿಗೆ ಅಂದೆ. ನನ್ನ ಮನಸ್ಸಲ್ಲಿ ಕೆರೆ ಒತ್ತುವರಿ ಇತ್ತು. ಅವರು ಬಗ್ಗಲಿಲ್ಲ. ಬಸ್ ಸ್ಟಾಪಿನಿಂದ ಊರಿಗೆ ಹೋಗೋ ರಸ್ತೆಯ ಬೀದಿದೀಪ ಅಂದರು. ಎರಡೂ ಕಡೆ ಕಬ್ಬಿನ ಗದ್ದೆ. ಕಬ್ಬು ಆಳೆತ್ತರ ಬೆಳೆದಾಗ ಸಂಜೆ ಏಳಕ್ಕೇ ಅಲ್ಲಿ ಕಗ್ಗತ್ತಲು. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡೇ ನಡೆಯಬೇಕು.

ಮೊದಲು ಮನವಿ ಬರೆಯೋಣ ಅಂದರು. ಬೇಡ, ಮೊದಲು ಎಣಿಸಿ ಅಂದೆ. ನಾನು ಹೇಳಿಕೊಟ್ಟಿದ್ದು ಇದೊಂದೇ ಅನ್ನಬಹುದು. ನೋಟ್‌ಬುಕ್ಕಿನಲ್ಲಿ ಕಂಬದ ನಂಬರ್ ಬರೆದು ಪಕ್ಕದಲ್ಲಿ ಮೂರು ಕಾಲಂ ಹಾಕಿದರು: ‘ಬಲ್ಬ್ ಇಲ್ಲ’, ‘ಇದೆ, ಉರಿಯಲ್ಲ’, ‘ಹಗಲೂ ಉರಿಯುತ್ತೆ’. ಮೂರನೆಯದು ಒಬ್ಬ ವಿದ್ಯಾರ್ಥಿನಿಯ ಐಡಿಯಾ. ಬೆಳಗ್ಗೆ ಕಾಲೇಜಿಗೆ ಬರುವಾಗ ಊರೊಳಗೆ ಬಿಸಿಲಲ್ಲೂ ಉರಿಯೋ ದೀಪಗಳನ್ನ ಅವಳು ಗಮನಿಸಿದ್ದಳು.

ಆಮೇಲೆ ಯಾರನ್ನ ಕೇಳಬೇಕು ಅನ್ನೋ ಪ್ರಶ್ನೆ. ಕಂಬ ಮತ್ತು ತಂತಿ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನದು. ದೀಪದ ನಿರ್ವಹಣೆ ಗ್ರಾಮ ಪಂಚಾಯಿತಿಯದು, ಕರೆಂಟ್ ಬಿಲ್ ಕಟ್ಟೋದೂ ಅದೇ. ಇದು ತಿಳಿಯದೆ ಎಷ್ಟೋ ಅರ್ಜಿಗಳು ಎರಡು ಆಫೀಸಿನ ಮಧ್ಯೆ ಅಲೆಯುತ್ತವೆ.

ಪಂಚಾಯಿತಿಯಲ್ಲಿ ಸಿಕ್ಕ ಮೊದಲ ಉತ್ತರ, ದುಡ್ಡಿಲ್ಲ. ಹುಡುಗರು ಲೆಕ್ಕ ಓದಿಕೊಂಡೇ ಹೋಗಿದ್ದರು. 2021ರಿಂದ 2026ರವರೆಗೆ ಕೇಂದ್ರದಿಂದ ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿತ್ತು. ಉಳಿದ ಶೇ 40ನ್ನು ಸಂಬಳ, ಆಡಳಿತದ ಖರ್ಚಿಗೆ ಮುಟ್ಟುವಂತಿರಲಿಲ್ಲ, ಊರಿನ ಬೇರೆ ಅಗತ್ಯಗಳಿಗೆ ಬಳಸಬಹುದಿತ್ತು. ‘ಆ ನಲವತ್ತರಲ್ಲಿ ಬೀದಿದೀಪಕ್ಕೆ ಎಷ್ಟು ಇಟ್ಟಿದ್ದೀರಿ ಸಾರ್?’ ಅಂದಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕುರ್ಚಿ ತರಿಸಿ ಕೂರಿಸಿದರು. ಗ್ರಾಮಸಭೆಗೆ ಬನ್ನಿ, ಕ್ರಿಯಾಯೋಜನೆಗೆ ಸೇರಿಸೋದು ಅಲ್ಲೇ ಅಂದರು.

ಅಲ್ಲಿ ಇನ್ನೊಂದು ತೊಡಕು. ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಇರುವವರೇ ಗ್ರಾಮಸಭೆಯ ಸದಸ್ಯರು. ನಮ್ಮ ಹುಡುಗರಲ್ಲಿ ಹದಿನೆಂಟು ದಾಟಿದ ಅನೇಕರ ಹೆಸರೇ ಇರಲಿಲ್ಲ. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು, ತಪ್ಪಿದರೆ ಮುಂದಿನ ವರ್ಷ. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಲೆಕ್ಕಕ್ಕಿವೆ. ಹದಿನೇಳು ತುಂಬಿದವರು ಮುಂಚೆಯೇ ನಮೂನೆ 6, ಅಂದರೆ ಹೆಸರು ಸೇರಿಸೋ ಅರ್ಜಿ, ಕೊಡಬಹುದು. ಒಂದು ಮಧ್ಯಾಹ್ನ ಪಾಠ ಬಿಟ್ಟು ಅದನ್ನೇ ತುಂಬಿಸಿದೆ. ಸಿಲಬಸ್ ಸ್ವಲ್ಪ ಹಿಂದೆ ಬಿತ್ತು, ಬೀಳಲಿ.

ಗ್ರಾಮಸಭೆಗೆ ಕೋರಂ, ಅಂದರೆ ಕನಿಷ್ಠ ಹಾಜರಿ, ಬೇಕು. ಸದಸ್ಯರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಹುಡುಗಿಯರು ಸ್ತ್ರೀಶಕ್ತಿ ಸಂಘದ ಅಕ್ಕಂದಿರನ್ನ ಮನೆಮನೆಗೆ ಹೋಗಿ ಕರೆತಂದರು. ನಾನು ಹಿಂದಿನ ಸಾಲಿನಲ್ಲಿ ಕೂತೆ.

‘ಓದೋ ಮಕ್ಳಿಗೆ ಇದೆಲ್ಲ ಯಾಕವ್ವ?’ ಅಂದರು ಒಬ್ಬ ಹಿರಿಯರು.

‘ಕತ್ಲಲ್ಲಿ ನಡ್ಕೊಂಡು ಬರೋರು ನಾವೇ ಅಲ್ವಾ ಮಾವ?’ ಅಂದಳು ಮೂರನೇ ಕಾಲಂ ಹಾಕಿಸಿದ ಹುಡುಗಿ. ಅಕ್ಕಂದಿರು ನಕ್ಕರು.

ಆದರೆ ಪಂಚಾಯಿತಿ ಸದಸ್ಯರನ್ನ ನಿಜವಾಗಿ ಅಲುಗಾಡಿಸಿದ್ದು ಕತ್ತಲ ಮಾತಲ್ಲ, ಮೂರನೇ ಕಾಲಂ. ಹಗಲು ಉರಿಯೋ ದೀಪದ ಬಿಲ್ ಪಂಚಾಯಿತಿಯ ಜೇಬಿನಿಂದಲೇ ಹೋಗುತ್ತೆ ಅಂದ ಕೂಡಲೇ, ಅಲ್ಲಿವರೆಗೆ ಫೋನ್ ನೋಡುತ್ತಿದ್ದ ಸದಸ್ಯರೊಬ್ಬರು ನೋಟ್‌ಬುಕ್ ಕೊಡಿ ಅಂತ ಕೈ ಚಾಚಿದರು. ಬೇಡಿಕೆಗಿಂತ ಉಳಿತಾಯ ಬೇಗ ಕಿವಿಗೆ ಬೀಳುತ್ತೆ ಅಂತ ನನಗೂ ಆವತ್ತೇ ಗೊತ್ತಾಗಿದ್ದು. ಸ್ವಿಚ್ ಹಾಕಿ ತೆಗೆಯೋಕೆ ಒಬ್ಬರನ್ನ ಗೊತ್ತು ಮಾಡಿದರು. ರಸ್ತೆಯ ದೀಪಗಳು ನಡಾವಳಿಗೆ, ಅಂದರೆ ಸಭೆಯ ತೀರ್ಮಾನಗಳ ದಾಖಲೆಗೆ, ಸೇರಿದವು. ಅದರ ಪ್ರತಿಯನ್ನ ಹುಡುಗರು ಕೇಳಿ ಪಡೆದರು. ಇದನ್ನ ಮಾತ್ರ ಯಾರೂ ಮರೆಯಬಾರದು, ನಡಾವಳಿಯಲ್ಲಿ ಇಲ್ಲದ್ದು ಸುಮ್ನೆ ಮಾತು.

ಕೆಲವು ತಿಂಗಳಲ್ಲಿ ಕಂಬ ಇದ್ದ ಕಡೆಯೆಲ್ಲ ದೀಪ ಬಂತು. ನಾಲೆ ಪಕ್ಕದ ತುಂಡಿನಲ್ಲಿ ಕಂಬವೇ ಇಲ್ಲ. ಅದಕ್ಕೆ ಸೆಸ್ಕ್‌ನಿಂದ ಎಸ್ಟಿಮೇಟ್ ಆಗಬೇಕು, ಪಂಚಾಯಿತಿ ದುಡ್ಡು ಕಟ್ಟಬೇಕು. ಕಂಬ ಎಣಿಸಿದವರು ಪದವಿ ಮುಗಿಸಿ ಹೋದರು. ನೋಟ್‌ಬುಕ್ಕು ಈಗ ಎರಡನೇ ವರ್ಷದವರ ಹತ್ತಿರ ಇದೆ, ಎಸ್ಟಿಮೇಟ್ ಹಿಂದೆ ಅವರು ಓಡಾಡುತ್ತಿದ್ದಾರೆ.