ಇಳಿಯುವ ಮುಂಚೆ ಶೂ ಲೇಸ್ ಬಿಚ್ಚಿ ಕಟ್ಟಿ

ಕಡಿದಾದ ಬೆಟ್ಟ ಹತ್ತಿದ್ದೀರಾ? ಇಳಿಯಲು ಶುರು ಮಾಡುವ ಮುಂಚೆ ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಮೊದಲು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಪಾದವನ್ನು ಹಿಂದಕ್ಕೆ ಕೂರಿಸಿ. ಲೇಸಿನ ತುದಿಯನ್ನು ಅದೇ ಬದಿಯ ಎಲ್ಲಕ್ಕಿಂತ ಮೇಲಿನ ತೂತಿಗೆ ತೂರಿಸಿ, ಚಿಕ್ಕ ಕುಣಿಕೆ ಬಿಡಿ. ಇನ್ನೊಂದು ಬದಿಯಲ್ಲೂ ಹಾಗೇ. ಈಗ ಒಂದೊಂದು ತುದಿಯನ್ನು ಎದುರಿನ ಕುಣಿಕೆಯೊಳಗೆ ಹಾಕಿ, ಬಿಗಿಯಾಗಿ ಎಳೆದು ಗಂಟು ಹಾಕಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ, ಪ್ರತಿ ಹೆಜ್ಜೆಗೂ ಬೆರಳುಗಳು ಶೂ ಮೂತಿಗೆ ಗುದ್ದುತ್ತವೆ. ಉಗುರು ಕಪ್ಪಾಗುವುದು ಇದರಿಂದಲೇ. ಹೀಗೆ ಕಟ್ಟಿದರೆ ಹಿಮ್ಮಡಿ ಕದಲುವುದಿಲ್ಲ. ಬೆರಳುಗಳ ಮೇಲೆ ಮಾತ್ರ ಲೇಸ್ ಸಡಿಲವಾಗಿಯೇ ಇರಲಿ, ಅಲ್ಲಿ ಬಿಗಿ ಮಾಡಿ ಏನೂ ಲಾಭವಿಲ್ಲ. ತೂತಿನ ಬದಲು ಕೊಕ್ಕೆ ಇರುವ ಬೂಟಿನಲ್ಲಿ ಈ ಕುಣಿಕೆ ಆಗುವುದಿಲ್ಲ. ಅದಕ್ಕೆ ಕಣಕಾಲು ಮಡಚುವ ಜಾಗದಲ್ಲಿ ಲೇಸಿನ ಎರಡೂ ತುದಿಗಳನ್ನು ಒಂದಕ್ಕೊಂದು ಎರಡು ಸುತ್ತು ತಿರುಚಿ ಎಳೆಯಿರಿ, ಸಾಕು. ಶೂನೇ ಚಿಕ್ಕದಾಗಿದ್ದರೆ, ಉಗುರು ಉದ್ದ ಬಿಟ್ಟಿದ್ದರೆ ಯಾವ ಗಂಟೂ ಕಾಪಾಡುವುದಿಲ್ಲ. ಪಾದದ ಮೇಲ್ಭಾಗ ಜುಮ್ ಅಂದರೆ ಬಿಗಿ ಜಾಸ್ತಿಯಾಗಿದೆ ಅಂತ ಅರ್ಥ, ತಕ್ಷಣ ಸಡಿಲಿಸಿ. ದಾರಿಯಲ್ಲಿ ಮತ್ತೆ ದೊಡ್ಡ ಏರು ಬಂದರೂ ಅಷ್ಟೇ, ಸಡಿಲಿಸಿ.