ಪದಪಟ್ಟಿಯ ಬೀಗದ ಕೈ ಯಾರ್ಯಾರ ಹತ್ತಿರ ಇರಬೇಕು

ಸಿಂಧನೂರು ಕಡೆಯ ರೈತರೊಬ್ಬರು ನಮ್ಮ ಆಡುಮಾತಿನ ಪದಪಟ್ಟಿಗೆ ‘ಕೂರಿಗಿ’ (ಬೀಜ ಬಿತ್ತುವ ಸಾಧನ) ಎಂದು ಕಳಿಸುತ್ತಾರೆ. ಎರಡು ದಿನ ಬಿಟ್ಟು ನೋಡಿದರೆ ಪಟ್ಟಿಯಲ್ಲಿ ಅದು ‘ಕೂರಿಗೆ’ ಆಗಿರುತ್ತದೆ. ಓದಿದವರು ಯಾರೋ ಒಳ್ಳೆಯ ಮನಸ್ಸಿನಿಂದಲೇ ತಿದ್ದಿರುತ್ತಾರೆ. ಹೀಗೆ ಜ್ವಾಳ ಜೋಳವಾಗುತ್ತದೆ, ಬ್ಯಾಸಿಗಿ ಬೇಸಿಗೆಯಾಗುತ್ತದೆ, ಕಡೆಗೆ ಪೇಟೆಯಲ್ಲಿ ಸಿಗುವ ಯಾವುದೇ ನಿಘಂಟಿನಲ್ಲಿ ಇರುವುದೇ ನಮ್ಮ ಪಟ್ಟಿಯಲ್ಲೂ ಉಳಿಯುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಹೊಲ, ಕಾಲುವೆ, ದನಕರುಗಳ ಪದ ಕೂಡಿಸುವ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಟ್ಟಿ ಕೆಟ್ಟದ್ದೆಲ್ಲ ಹೀಗೆ ತಿದ್ದಲು ಬಂದವರ ಕೈಯಿಂದಲೇ.

ಆದ್ದರಿಂದ ಹಿಡಿತ ಹಂಚುವಾಗ ‘ಯಾರಿಗೆ ಎಡಿಟ್ ಕೊಡೋಣ’ ಎಂಬ ಪ್ರಶ್ನೆಯನ್ನು ಬಿಟ್ಟೆವು. ‘ಯಾವ ಕಾಲಂ ಯಾರ ಮಾತು’ ಎಂದು ಕೇಳಿಕೊಂಡೆವು. ಅದಕ್ಕೆ ಉತ್ತರ ಸಿಕ್ಕಮೇಲೆ ಉಳಿದದ್ದೆಲ್ಲ ಸೆಟ್ಟಿಂಗ್ ಕೆಲಸ.

ಪಟ್ಟಿ ಇರುವುದು ಗೂಗಲ್ ಶೀಟ್ಸ್‌ನಲ್ಲಿ. ಒಂದು ಪದಕ್ಕೆ ಒಂದು ಸಾಲು, ಹತ್ತು ಕಾಲಂ: ಐಡಿ, ಆಡುರೂಪ, ಬರಹರೂಪ, ಅರ್ಥ, ಬಳಕೆಯ ವಾಕ್ಯ, ಊರು, ತಾಲೂಕು, ಕಳಿಸಿದವರ ಸಂಕೇತ, ಸ್ಥಿತಿ, ಟಿಪ್ಪಣಿ. ಇವುಗಳಲ್ಲಿ ಆಡುರೂಪ ಮತ್ತು ವಾಕ್ಯ ಆಡುವವರ ಸ್ವತ್ತು. ‘ಎರಿ ಹೊಲಕ್ಕ ಕೂರಿಗಿ ಹೂಡ್ಯಾರ’ ಎಂದು ಬಂದರೆ ಹಾಗೇ ಇರಬೇಕು. ಅದೇ ತಾಲೂಕಿನ ಇನ್ನೊಬ್ಬ ಆಡುಗರು ‘ನಮ್ಮಲ್ಲಿ ಹೀಗಲ್ಲ’ ಎಂದರೆ ಇನ್ನೊಂದು ಸಾಲು ಸೇರಿಸುತ್ತೇವೆ, ಇದ್ದ ಸಾಲನ್ನು ಮುಟ್ಟುವುದಿಲ್ಲ. ಬರಹರೂಪ, ಅರ್ಥ, ಟಿಪ್ಪಣಿ ಓದಿದವರ ಕೆಲಸ. ಶಿಕ್ಷಕರ ಕೈ ಅಲ್ಲಿ ನಿಜಕ್ಕೂ ಬೇಕು, ಅರ್ಥವನ್ನು ಅವರಷ್ಟು ಚೊಕ್ಕವಾಗಿ ಬರೆಯುವವರು ನಮ್ಮಲ್ಲಿಲ್ಲ.

ಕಡತದಲ್ಲಿ ಎರಡು ಹಾಳೆ, ಹೊರಗೆ ಬೇರೆಯದೇ ಒಂದು ಕಡತ. ಹಾಳೆಗಳಿಗೆ ‘ತೆನೆ’, ‘ಕಣ’ ಎಂದೂ ಹೊರಗಿನ ಕಡತಕ್ಕೆ ‘ಹಗೇವು’ (ಕಾಳು ತುಂಬಿಡುವ ನೆಲದಡಿಯ ಕುಳಿ) ಎಂದೂ ಹೆಸರು. ಈ ಸೀಮೆಯವರಿಗೆ ಕ್ರಮವನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ತೆನೆಗೆ ಗೂಗಲ್ ಫಾರ್ಮ್‌ನಿಂದ ನೇರ ಪದ ಬರುತ್ತದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ವಾರಕ್ಕೊಮ್ಮೆ ಹೊಸ ಸಾಲುಗಳನ್ನು ಕಾಪಿ ಮಾಡಿ, ಕಂಟ್ರೋಲ್-ಶಿಫ್ಟ್-ವಿ ಒತ್ತಿ ಬರೀ ಮೌಲ್ಯಗಳನ್ನಷ್ಟೇ ಕಣಕ್ಕೆ ಹಾಕಿ, ಐಡಿ ಕೊಡುತ್ತೇವೆ. ಹಸನು ಮಾಡುವುದು ಕಣದಲ್ಲಿ. ಸ್ಥಿತಿ ‘ಒಪ್ಪಿದೆ’ ಎಂದಾದ ಸಾಲುಗಳು ಫಾರ್ಮುಲಾ ಮೂಲಕ ಹಗೇವಿಗೆ ಹೋಗುತ್ತವೆ. ಎಲ್ಲರಿಗೂ ತೆರೆದಿಟ್ಟಿರುವುದು ಹಗೇವು ಮಾತ್ರ.

ಕೈಯಿಂದ ಕಾಪಿ ಮಾಡುವ ಈ ಹೆಜ್ಜೆ ದಂಡದ ಕೆಲಸ ಎನಿಸಬಹುದು. ತೆನೆಯಿಂದ ಕಣಕ್ಕೂ ಫಾರ್ಮುಲಾ ಹಾಕಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಬೇಡಿ. ಫಿಲ್ಟರ್ ಅಥವಾ ಕ್ವೆರಿ ಫಾರ್ಮುಲಾದಿಂದ ಬಂದ ಸಾಲಿನ ಪಕ್ಕದಲ್ಲಿ ನೀವು ಕೈಯಾರೆ ಬರೆದ ಟಿಪ್ಪಣಿ ಆ ಸಾಲಿಗೆ ಅಂಟಿಕೊಂಡಿರುವುದಿಲ್ಲ. ಮೂಲದಲ್ಲಿ ಒಂದು ಸಾಲು ಹೆಚ್ಚುಕಮ್ಮಿ ಆದರೆ ಪದಗಳೆಲ್ಲ ಮೇಲಕ್ಕೋ ಕೆಳಕ್ಕೋ ಸರಿಯುತ್ತವೆ, ಟಿಪ್ಪಣಿ ಮಾತ್ರ ಇದ್ದಲ್ಲೇ ಕೂರುತ್ತದೆ. ರಂಟಿಯ ಅರ್ಥ ಕುಂಟಿಯ ಪಕ್ಕಕ್ಕೆ ಹೋಗುತ್ತದೆ. ಎರರ್ ಏನೂ ತೋರಿಸುವುದಿಲ್ಲವಾದ್ದರಿಂದ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೇ ಇರಬಹುದು.

ಹಗೇವನ್ನು ಬೇರೆ ಕಡತವಾಗಿ ಇಟ್ಟದ್ದಕ್ಕೂ ಕಾರಣವಿದೆ. ಹಾಳೆಯನ್ನು ಮರೆಮಾಡಿದರೆ ಗುಟ್ಟು ಉಳಿಯಿತೆಂದು ಬಹಳ ಮಂದಿ ನಂಬುತ್ತಾರೆ. ಕಡತದ ಪ್ರತಿ ಮಾಡಿಕೊಂಡವರಿಗೆ ಮರೆಯಾದ ಹಾಳೆಯೂ ಸಿಗುತ್ತದೆ. ತೆನೆಯಲ್ಲಿ ಕಳಿಸಿದವರ ಹೆಸರು, ಫೋನ್ ನಂಬರ್ ಇರುತ್ತವೆ. ಹಾಗಾಗಿ ಹಗೇವಿಗೆ ಇಂಪೋರ್ಟ್‌ರೇಂಜ್ (ಬೇರೆ ಕಡತದಿಂದ ಮಾಹಿತಿ ತರುವ ಫಾರ್ಮುಲಾ) ಮೂಲಕ ಬೇಕಾದ ಕಾಲಂಗಳನ್ನಷ್ಟೇ ಎಳೆಯುತ್ತೇವೆ. ಇಲ್ಲೂ ಒಂದು ತೂತಿದೆ: ಎರಡು ಕಡತಗಳ ನಡುವೆ ಒಮ್ಮೆ ಅನುಮತಿ ಕೊಟ್ಟರೆ, ಎಳೆಯುವ ಕಡತದ ಯಾವ ಎಡಿಟರ್ ಬೇಕಾದರೂ ಮೂಲದ ಯಾವ ಭಾಗವನ್ನಾದರೂ ಎಳೆಯಬಲ್ಲರು. ಹಗೇವಿಗೆ, ಜಿಲ್ಲೆಗೊಬ್ಬರಂತೆ ಪಟ್ಟಿಯ ಕೀಲಿ ಹಿಡಿದ ಮೂವರನ್ನು ಬಿಟ್ಟು ಬೇರೆ ಎಡಿಟರ್ ಇಲ್ಲದಿರುವುದು ಇದಕ್ಕಾಗಿ.

ಇನ್ನು ಬೀಗ. ‘ಲಿಂಕ್ ಇದ್ದವರೆಲ್ಲ ಎಡಿಟರ್’ ಎಂಬುದನ್ನು ಮೊದಲು ಮುಚ್ಚಿ, ಏಕೆಂದರೆ ಲಾಗಿನ್ ಆಗದೆ ಬಂದವರ ತಿದ್ದುಪಡಿ ಅನಾಮಿಕವಾಗಿ ದಾಖಲಾಗುತ್ತದೆ, ಆಮೇಲೆ ಕೇಳಲು ಒಂದು ಹೆಸರೂ ಸಿಗುವುದಿಲ್ಲ. ಶೇರ್ ಸೆಟ್ಟಿಂಗ್‌ನಲ್ಲಿ ‘ಎಡಿಟರ್‌ಗಳು ಅನುಮತಿ ಬದಲಿಸಬಹುದು’ ಎಂಬ ಟಿಕ್ ತಾನಾಗಿಯೇ ಇರುತ್ತದೆ, ಅದನ್ನು ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಕೂತು, ಡೇಟಾ ಮೆನುವಿನ ‘ಪ್ರೊಟೆಕ್ಟ್ ಶೀಟ್ಸ್ ಆ್ಯಂಡ್ ರೇಂಜಸ್’ನಲ್ಲಿ ಕಣದ ಐಡಿ, ಆಡುರೂಪ, ವಾಕ್ಯ ಈ ಮೂರು ಕಾಲಂಗಳಿಗೆ ಬೀಗ ಹಾಕಿ. ‘ಎಚ್ಚರಿಕೆ ತೋರಿಸು’ ಎಂಬ ಆಯ್ಕೆಯೂ ಅಲ್ಲೇ ಇದೆ, ಅದು ಸಾಲದು; ಓಕೆ ಒತ್ತಿ ಮುಂದೆ ಹೋಗುತ್ತಾರೆ.

ಬೀಗ ಹಾಕಿದ ಒಂದು ಕಾಲಂ ಇಡೀ ಸಾಲನ್ನು ಕಾಯುತ್ತದೆ. ಸಾಲು ಅಳಿಸಲು ಹೋದರೆ ಐಡಿಯೂ ಅಳಿಯಬೇಕಾಗುತ್ತದೆ, ಅದಕ್ಕೆ ಶೀಟ್ ಒಪ್ಪುವುದಿಲ್ಲ. ಹಾಗೆಯೇ ಯಾರೋ ಒಂದೇ ಕಾಲಮ್ಮನ್ನು ಅಕಾರಾದಿಗೆ ಸಾರ್ಟ್ ಮಾಡಿ ಪದ ಒಂದು ಕಡೆ, ಅರ್ಥ ಒಂದು ಕಡೆ ಆಗುವ ಅನಾಹುತವೂ ಬಹುಮಟ್ಟಿಗೆ ತಪ್ಪುತ್ತದೆ. ನಷ್ಟವೆಂದರೆ ಕಣದಲ್ಲಿ ಪದ ಹಸನು ಮಾಡುವ ಪರಿಶೀಲಕರಿಗೆ ಪೂರ್ತಿ ಸಾರ್ಟ್ ಕೂಡ ಸಿಗುವುದಿಲ್ಲ. ಅವರಿಗೆ ತಾಲೂಕಿಗೊಂದರಂತೆ ಫಿಲ್ಟರ್ ವ್ಯೂ (ತೆರೆದವರ ಪರದೆಯಲ್ಲಷ್ಟೇ ಕಾಣುವ ಫಿಲ್ಟರ್) ಮಾಡಿಕೊಟ್ಟಿದ್ದೇವೆ. ಸಾದಾ ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಸಾಲುಗಳು ಮಾಯವಾಗಿ ‘ನನ್ನ ಪದ ಎಲ್ಲಿ’ ಎಂಬ ಗದ್ದಲ ಏಳುತ್ತದೆ.

ನಮ್ಮಲ್ಲಿ ಅಳಿಸುವುದು ಎಂಬುದೇ ಇಲ್ಲ. ಸ್ಥಿತಿ ಕಾಲಮ್ಮಿನ ಡ್ರಾಪ್‌ಡೌನ್‌ನಲ್ಲಿ ಐದೇ ಮಾತು: ಹೊಸದು, ನೋಡಿದೆ, ಒಪ್ಪಿದೆ, ತಕರಾರು, ಬದಿಗಿಟ್ಟಿದೆ. ‘ಒಪ್ಪಿದೆ’ ಎನ್ನಲು ಇಬ್ಬರು ಬೇಕು, ಅವರಲ್ಲಿ ಒಬ್ಬರು ಆ ತಾಲೂಕಿನವರೇ ಆಗಿರಬೇಕು. ‘ಬದಿಗಿಟ್ಟಿದೆ’ ಎನ್ನುವವರು ಟಿಪ್ಪಣಿಯಲ್ಲಿ ಕಾರಣ ಬರೆಯಬೇಕು.

ತಕರಾರಿಗೆ ಮತ ಹಾಕಿಸುವುದಿಲ್ಲ. ಗುಂಪಿನಲ್ಲಿ ಬಳ್ಳಾರಿಯವರು ಹೆಚ್ಚಿದ್ದರೆ ದೇವದುರ್ಗದ ಮಾತು ಪ್ರತಿಸಲವೂ ಸೋಲುತ್ತದೆ. 15 ದಿನ ಕಾಯುತ್ತೇವೆ, ಅಷ್ಟರಲ್ಲಿ ಆ ತಾಲೂಕಿನ ಇನ್ನೊಬ್ಬರಿಂದ ವಾಕ್ಯವೋ ವಾಯ್ಸ್ ಮೆಸೇಜೋ ಬಂದರೆ ಪದ ನಿಲ್ಲುತ್ತದೆ. ಎರಡು ಕಡೆಯೂ ಸಾಕ್ಷಿ ಇದ್ದರೆ ಎರಡು ಸಾಲು, ಒಂದರ ಐಡಿ ಇನ್ನೊಂದರ ಟಿಪ್ಪಣಿಯಲ್ಲಿ.

‘ನೆಲ್ಲು’ ಇದಕ್ಕೆ ಒಳ್ಳೆಯ ಉದಾಹರಣೆ. ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು, ಗಂಗಾವತಿ, ಕಾರಟಗಿ ಕಡೆ ಭತ್ತಕ್ಕೆ ನೆಲ್ಲು ಎನ್ನುವುದು ದಿನದ ಮಾತು. ಇದು ತೆಲುಗು, ಬದಿಗಿಡಿ ಎಂಬ ತಕರಾರು ಬರುವುದುಂಟು. ತೆಲುಗಿನವರು ಹೇಳುವುದು ವಡ್ಲು, ವರಿ ಎಂದು. ‘ನೆಲ್’ ಹಳಗನ್ನಡದಲ್ಲೇ ಇರುವ ಪದ. ಒಂದು ವೇಳೆ ತೆಲುಗೇ ಆಗಿದ್ದರೂ ನಮ್ಮ ರೈತ ಆಡುತ್ತಿದ್ದರೆ ಅದು ಪಟ್ಟಿಯ ಪದವೇ. ಮೂಲ ಯಾವ ಭಾಷೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಬಹುದು, ಸ್ಥಿತಿ ಬದಲಿಸಲು ಅದು ಕಾರಣವಾಗದು. ಕಂದಾಯದ ಪದಗಳಲ್ಲಿ ಈ ನಿಯಮ ಇನ್ನೂ ಹೆಚ್ಚು ಬೇಕು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು, ಬಳ್ಳಾರಿ 1953ರವರೆಗೆ ಮದರಾಸಿನಲ್ಲಿತ್ತು. ಊರ ಲೆಕ್ಕ ಬರೆಯುವವನಿಗೆ ಅಲ್ಲಿ ಪಟವಾರಿ, ಇಲ್ಲಿ ಕರಣಂ. ಒಬ್ಬರ ಪದ ಇನ್ನೊಬ್ಬರಿಗೆ ತಪ್ಪಾಗಿ ಕಾಣುವುದು ಸಹಜ.

ಅದೇ ಕಾರಣಕ್ಕೆ ಜಿಲ್ಲೆ ಎಂಬ ಕಾಲಂ ಇಟ್ಟಿಲ್ಲ. ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ, ಹೊಸಪೇಟೆ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಹೋದದ್ದು 2021ರಲ್ಲಿ. ತಾಲೂಕೂ ಬದಲಾಗುತ್ತದೆ: ಮಸ್ಕಿ ಮೊದಲು ಲಿಂಗಸುಗೂರಿನಲ್ಲಿತ್ತು, ಸಿರವಾರ ಮಾನ್ವಿಯಲ್ಲಿ, ಕಾರಟಗಿ ಗಂಗಾವತಿಯಲ್ಲಿ. ಹಾಗಾಗಿ ಐಡಿಯಲ್ಲಿ ತಾಲೂಕಿನ ಅಕ್ಷರ ಸೇರಿಸಬೇಡಿ, ಬರೀ ಅಂಕಿ ಇರಲಿ. ಊರಿನ ಹೆಸರು ಕಡ್ಡಾಯ ಮಾಡಿ, ತಾಲೂಕನ್ನು ಡ್ರಾಪ್‌ಡೌನ್‌ನಿಂದ ತುಂಬಿಸಿ.

ಒಂದೇ ಪದ ಎರಡು ಸಲ ಸೇರಲು ಮುಖ್ಯ ಕಾರಣ ಟೈಪಿಂಗ್. ಕುಂಟಿ, ಕು೦ಟಿ ಇವೆರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ. ಕಣ್ಣಿಗೆ ಹೆಚ್ಚುಕಮ್ಮಿ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಪದದ ಕಾಲಂಗಳಲ್ಲಿ ಅಂಕಿ ಸೊನ್ನೆ ಕಂಡರೆ ಸೆಲ್ ಕೆಂಪಾಗುವಂತೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿದ್ದೇವೆ. ಇನ್ನೊಂದು ಬಗೆ: ‘ಸೊಪ್ಪು’ವಿನ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಕೊಂಬು ಸೇರಿಸಿ ಎರಡಾಗಿಯೂ ಬರೆಯಬಹುದು. ಸಂಕೇತಗಳನ್ನು ಎಣಿಸುವ ಲೆನ್ ಫಾರ್ಮುಲಾ ಕೊಟ್ಟರೆ ಮೊದಲನೆಯದಕ್ಕೆ 6 ಬರುತ್ತದೆ, ಎರಡನೆಯದಕ್ಕೆ 7. ಪದದ ಕೊನೆಗೆ ಅಂಟಿಕೊಂಡ ಖಾಲಿ ಜಾಗ, ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳೂ ಉಂಟು. ಅವುಗಳ ಯೂನಿಕೋಡ್ ಸಂಖ್ಯೆ 8204 ಮತ್ತು 8205. ಟ್ರಿಮ್, ಸಬ್‌ಸ್ಟಿಟ್ಯೂಟ್, ಯೂನಿಕ್ಯಾರ್ ಎಂಬ ಮೂರು ಫಾರ್ಮುಲಾಗಳನ್ನೂ ಸೇರಿಸಿ, ಇಂಥವನ್ನೆಲ್ಲ ತೆಗೆದ ‘ಹುಡುಕುರೂಪ’ ಎಂಬ ಹನ್ನೊಂದನೆಯ ಕಾಲಂ ಮಾಡಿ, ಕೌಂಟ್‌ಇಫ್‌ನಿಂದ ಜೋಡಿ ಎಣಿಸುವುದು ಅದರಲ್ಲಿ. ಆಡುರೂಪ ಬಂದಂತೆಯೇ ಇರುತ್ತದೆ. ಜೋಡಿ ಸಿಕ್ಕಿತೆಂದು ಕೂಡಲೇ ಒಂದು ಮಾಡಬೇಡಿ. ಊರು ಬೇರೆಯಾಗಿದ್ದರೆ ಅದು ಇನ್ನೊಂದು ಸಾಕ್ಷಿ.

ಮೊಬೈಲಿನ ಲಿಪ್ಯಂತರ ಕೀಬೋರ್ಡ್ ತನಗೆ ಗೊತ್ತಿರುವ ಪದವನ್ನೇ ಮುಂದೆ ಚಾಚುತ್ತದೆ. ಜ್ವಾಳ ಬರೆಯಹೊರಟವರ ಬೆರಳಿಗೆ ಜೋಳ ಸಿಗುತ್ತದೆ. ಅದಕ್ಕೆ ಪ್ರತಿ ಪದದ ಜೊತೆ ವಾಯ್ಸ್ ಮೆಸೇಜ್ ಕೇಳುತ್ತೇವೆ. ಫಾರ್ಮ್‌ನಲ್ಲಿ ಫೈಲ್ ಏರಿಸಲು ಗೂಗಲ್ ಲಾಗಿನ್ ಕಡ್ಡಾಯ, ಅಲ್ಲಿಗೆ ಅರ್ಧ ಮಂದಿ ಕೈಬಿಡುತ್ತಾರೆ. ಆದ್ದರಿಂದ ಧ್ವನಿ ವಾಟ್ಸ್‌ಆ್ಯಪ್‌ನಲ್ಲೇ ಬರಲಿ, ಫೈಲಿನ ಹೆಸರನ್ನು ಐಡಿಗೆ ಬದಲಿಸಿ ಡ್ರೈವ್‌ನಲ್ಲಿ ಇಟ್ಟರಾಯಿತು.

ಜಾತಿ, ಕುಲಕಸುಬುಗಳಿಗೆ ಅಂಟಿದ ಪದಗಳ ವಿಷಯದಲ್ಲಿ ಕೊನೆಯ ಮಾತು ಆ ಸಮುದಾಯದವರದು. ಅವರು ಬೇಡವೆಂದರೆ ಹಗೇವಿಗೆ ಹೋಗುವುದಿಲ್ಲ.

ಇನ್ನು ಕೀಲಿ. ರಾಯಚೂರಿನವರೊಬ್ಬರು, ಕೊಪ್ಪಳದವರೊಬ್ಬರು, ಬಳ್ಳಾರಿಯವರೊಬ್ಬರು, ಹೀಗೆ ಮೂವರು. ಕಡತದ ಮಾಲೀಕರು ಮಾತ್ರ ಯಾವಾಗಲೂ ಒಬ್ಬರೇ, ಗೂಗಲ್‌ನಲ್ಲಿ ಹಾಗೆಯೇ. ಮಾಲೀಕರ ಖಾತೆ 2 ವರ್ಷ ಬಳಕೆಯಾಗದಿದ್ದರೆ ಗೂಗಲ್ ಅದನ್ನು ಅಳಿಸಬಹುದು, ಜೊತೆಗೆ ಕಡತವೂ ಹೋಗುತ್ತದೆ. ಕಸದಬುಟ್ಟಿಗೆ ಹೋದ ಕಡತ ಉಳಿಯುವುದು 30 ದಿನ. ಆದ್ದರಿಂದ ಮಾಲೀಕತ್ವ ವರ್ಷಕ್ಕೊಮ್ಮೆ ಸರದಿಯಂತೆ ಬದಲಾಗುತ್ತದೆ. ಜೊತೆಗೆ ಪ್ರತಿ ತಿಂಗಳು ಮೂವರೂ ತಮ್ಮ ತಮ್ಮ ಕಂಪ್ಯೂಟರಿಗೆ ಎಕ್ಸೆಲ್ ಮತ್ತು ಸಿಎಸ್‌ವಿ ಎರಡು ಪ್ರತಿ ಇಳಿಸಿಕೊಳ್ಳುತ್ತಾರೆ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡ ಚಿತ್ತಾಗಿ ಕಾಣುತ್ತದೆ. ಇಂಪೋರ್ಟ್ ಮಾಡಿ ಯುಟಿಎಫ್-8 ಆರಿಸಬೇಕು. ಏನಾದರೂ ಕೆಟ್ಟಾಗ ಇಡೀ ಹಳೆಯ ಆವೃತ್ತಿಯನ್ನು ರಿಸ್ಟೋರ್ ಮಾಡಬೇಡಿ, ಆಮೇಲೆ ಆದ ಎಲ್ಲರ ಕೆಲಸವೂ ಹಿಂದಕ್ಕೆ ಹೋಗುತ್ತದೆ. ಹಳೆಯದನ್ನು ಪ್ರತಿಯಾಗಿ ತೆರೆದು ಬೇಕಾದ ಸಾಲನ್ನಷ್ಟೇ ತನ್ನಿ.

ಮಾಲೀಕತ್ವ ದಾಟಿಸುವಾಗ ಹೊಸಬರು ಆಹ್ವಾನ ಒಪ್ಪುವವರೆಗೆ ಏನೂ ಬದಲಾಗುವುದಿಲ್ಲ, ಒಪ್ಪಿದ್ದಾರೆಯೇ ಎಂದು ಶೇರ್ ಪಟ್ಟಿಯಲ್ಲಿ ನೋಡಿ. ಹಳಬರು ಎಡಿಟರ್ ಆಗಿ ಉಳಿಯುತ್ತಾರೆ. ಅವರು ಕೆಲಸದಿಂದಲೇ ಬಿಡುವು ಪಡೆಯುತ್ತಿದ್ದರೆ ಶೇರ್ ಪಟ್ಟಿಯ ಜೊತೆಗೆ ಬೀಗ ಹಾಕಿದ ಕಾಲಂಗಳ ಹೆಸರುಗಳನ್ನೂ ಸರಿಮಾಡಿ. ಎಲ್ಲ ಮುಗಿದ ಮೇಲೆ ಒಬ್ಬ ಸಾದಾ ಪರಿಶೀಲಕರ ಲಾಗಿನ್‌ನಿಂದ ಕಣದ ಒಂದು ಸಾಲನ್ನು ಅಳಿಸಲು ನೋಡಿ, ‘ಕೂರಿಗಿ’ಯನ್ನು ‘ಕೂರಿಗೆ’ ಮಾಡಲು ನೋಡಿ. ಎರಡಕ್ಕೂ ಶೀಟ್ ಅಡ್ಡ ನಿಂತರೆ ಬೀಗ ಬಿದ್ದಿದೆ ಎಂದರ್ಥ.